ಎಪ್ಪತ್ತೊಂದನೆಯವಳ ಕಾಗದ

ವಾರಪತ್ರಿಕೆ ಮನೆಗೆ ಬಂದ ಕೂಡಲೇ ಗಂಟಣ್ಣ ಅದರ ಕೊನೆಯ ಹಾಳೆಯನ್ನು ಹರಿದು ಹೆಂಡತಿಯ ಕೈಗೆ ಕೊಡುತ್ತಿದ್ದ. ಆ ವಾರದ ಪದಬಂಧ, ಅಂಕಿಗಳ ಚೌಕ, ಒಗಟು ಎಲ್ಲದರ ಉತ್ತರವೂ ಆ ಹಾಳೆಯಲ್ಲಿ ತಲೆಕೆಳಗಾಗಿ ಅಚ್ಚಾಗಿರುತ್ತಿತ್ತು. ಹರಿಯುವಾಗ ಎಲ್ಲಿ ಕಣ್ಣು ಬಿದ್ದುಬಿಡುತ್ತದೋ ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ.

"ತಗೋ, ಬಚ್ಚಿಡು. ನಾನು ಕಾಲು ಹಿಡಿದ್ರೂ ಕೊಡ್ಬೇಡ."

"ನೀವು ಕಾಲು ಹಿಡಿಯೋದನ್ನ ನೋಡೋ ಆಸೆಗಾದ್ರೂ ಬಚ್ಚಿಡ್ತೀನಿ ಬಿಡಿ," ಎನ್ನುತ್ತಿದ್ದಳು ಹೆಂಡತಿ. ಹಿಟ್ಟಿನ ಡಬ್ಬಿಯ ತಳ ಆ ಹಾಳೆಯ ಜಾಗ. ಮೂವತ್ತು ವರ್ಷದಲ್ಲಿ ಅವನು ಒಂದು ಸಲವೂ ಅದನ್ನು ಕೇಳಲಿಲ್ಲ. ಹಿಟ್ಟು ಮುಗಿದಾಗ ಅವಳು ಎಲ್ಲ ಹಾಳೆಗಳನ್ನೂ ಒಟ್ಟಿಗೆ ತೆಗೆದು ಒಲೆಗೆ ಹಾಕುತ್ತಿದ್ದಳು.

ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇತ್ತು. ಚಿಕ್ಕವನಿದ್ದಾಗ ಓಣಿಯಲ್ಲಿ ಯಾರ ಮನೆಯ ಹಗ್ಗ ಸಿಕ್ಕುಬಿದ್ದರೂ, ಯಾರ ದಾರದ ಉಂಡೆ ಗೋಜಲಾದರೂ ಅವನನ್ನೇ ಕರೆಯುತ್ತಿದ್ದರು. ಊಟ ತಣ್ಣಗಾದರೂ ಸರಿ, ಗಂಟು ಬಿಚ್ಚದೆ ಏಳುತ್ತಿರಲಿಲ್ಲ. ಕತ್ತರಿ ತೋರಿಸಿದರೆ ಅಳುತ್ತಿದ್ದ. ಹಾಗೆ ಬಂದ ಹೆಸರು ಗಂಟಣ್ಣ. ತಲೆ ನೆರೆತ ಮೇಲೂ ಅದೇ ಹೆಸರು, ಅದೇ ಹಟ. ಬೇರೆಯವರು ಉತ್ತರ ಹೇಳಿಬಿಟ್ಟರೆ ಯಾರದೋ ಎಂಜಲು ಬಾಯಿಗೆ ಬಿದ್ದವನಂತೆ ಮುಖ ಹಿಂಡುತ್ತಿದ್ದ. ಗೊತ್ತಿಲ್ಲದ್ದನ್ನು ಗೊತ್ತಿರುವವರನ್ನು ಕೇಳಿ ತಿಳಿದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಅದೊಂದು ಅವನಿಂದ ಆಗುತ್ತಿರಲಿಲ್ಲ.

ಅವನಿಗೆ ಸಿಕ್ಕಿದ್ದು ಹೆಂಗಸರ ಜೈಲಿನಲ್ಲಿ ಕಾಗದ ಓದುವ ಕೆಲಸ. ಒಳಗಿನವರು ಮನೆಗೆ ವಾರಕ್ಕೆ ಒಂದು ಹಾಳೆ ಬರೆಯಬಹುದು, ಮನೆಯಿಂದ ವಾರಕ್ಕೆ ಒಂದು ಹಾಳೆ ಬರಬಹುದು. ಎರಡೂ ಅವನ ಮೇಜನ್ನು ದಾಟಿಯೇ ಹೋಗಬೇಕು. ದೊಡ್ಡ ಬಾಗಿಲಿನ ಪಕ್ಕದಲ್ಲಿ ಅವನ ಕೋಣೆ. ಎರಡು ಹೆಜ್ಜೆ ಅಗಲ, ನಾಲ್ಕು ಹೆಜ್ಜೆ ಉದ್ದ. ಮೇಜಿನ ಮೇಲೆ ಮಸಿಯ ಬಾಟಲಿ, ಕಪ್ಪು ಬಳಿಯುವ ಕುಂಚ, ಅಂಟಿನ ಡಬ್ಬ, ಹಗಲಲ್ಲೂ ಉರಿಯುವ ಒಂದು ದೀಪ, ಮತ್ತು 'ಓದಲಾಗಿದೆ' ಎಂಬ ಮೊಹರು. ಬೀದಿಯ ಕಡೆಗೆ ಕಂಬಿ ಹಾಕಿದ ಒಂದು ಕಿಟಕಿ. ತಿಂಗಳಿಗೊಂದು ಸೋಮವಾರ ಒಳಗೆ ಭೇಟಿ, ಬುಧವಾರ ಆ ಕಿಟಕಿಯ ಮುಂದೆ ಮನೆಯವರ ಸಾಲು. ಹೆಸರು ಹೇಳುತ್ತಾರೆ, ಕಾಗದ ಪಡೆಯುತ್ತಾರೆ, ತಮ್ಮದನ್ನು ಕೊಟ್ಟು ಹೋಗುತ್ತಾರೆ. ಒಳಗೆ ಓದಿದ್ದನ್ನು ಹೊರಗೆ ಯಾರಿಗೂ, ಹೆಂಡತಿಗೂ ಕೂಡ, ಹೇಳಬಾರದೆಂದು ಕೆಲಸಕ್ಕೆ ಸೇರಿದ ದಿನವೇ ಆಣೆ ಮಾಡಿಸಿಕೊಂಡಿದ್ದರು.

ಕೆಲಸ ಬೇಸರದ್ದು. ಹಲ್ಲುನೋವು, ಅತ್ತೆಯ ಜಗಳ, ಸೋರುವ ಮಾಡು, ಸಾಬೂನು ಕಳಿಸಿ, ನನ್ನನ್ನು ಮರೆಯಬೇಡಿ. ಇಪ್ಪತ್ತು ವರ್ಷದಲ್ಲಿ ಬಿಡಿಸುವಂಥದ್ದು ಸಿಕ್ಕಿದ್ದು ಎರಡೇ ಸಲ. ಒಬ್ಬಳು ಅಕ್ಷರಗಳ ಮೇಲೆ ಸೂಜಿಯಿಂದ ಚುಚ್ಚಿ ತಂಬಾಕು ಕೇಳಿದ್ದಳು, ಇನ್ನೊಬ್ಬಳು ಪ್ರತಿ ಸಾಲಿನ ಮೊದಲ ಪದದಲ್ಲಿ ವಾರ್ಡರನ್ನು ಬೈದಿದ್ದಳು. ಎರಡನ್ನೂ ಅವನು ಚಹಾ ಆರುವಷ್ಟರಲ್ಲಿ ಬಿಡಿಸಿಬಿಟ್ಟಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಅವನ ಹಸಿವನ್ನು ಅಷ್ಟಿಷ್ಟು ತಣಿಸುತ್ತಿದ್ದವನು ಜೈಲಿನ ಉಗ್ರಾಣದ ಗುಮಾಸ್ತ. ಬೆಂಕಿಕಡ್ಡಿಗಳನ್ನು ಮೇಜಿನ ಮೇಲೆ ಜೋಡಿಸಿ, "ಎರಡು ಕಡ್ಡಿ ತೆಗೆದು ನಾಲ್ಕು ಚೌಕ ಮಾಡು ನೋಡೋಣ," ಎನ್ನುತ್ತಿದ್ದ. ಗಂಟಣ್ಣ ಊಟದ ಡಬ್ಬಿಯನ್ನು ಪಕ್ಕಕ್ಕೆ ತಳ್ಳುತ್ತಿದ್ದ.

"ಉಣ್ಣಯ್ಯ ಮೊದಲು. ಕಡ್ಡಿ ಎಲ್ಲಿಗೂ ಓಡಿಹೋಗಲ್ಲ."

"ಸುಮ್ನಿರು. ಬಾಯಿ ಬಿಡ್ಬೇಡ. ಸುಳಿವು ಕೊಟ್ರೆ ಮಾತೇ ಬಿಡ್ತೀನಿ."

ಹೀಗೇ ನಡೆಯುತ್ತಿದ್ದ ಹೊತ್ತಿನಲ್ಲಿ ಎಪ್ಪತ್ತೊಂದನೆಯ ನಂಬರಿನವಳು ಬಂದಳು. ಗಿರಣಿಯ ಮುಷ್ಕರದಲ್ಲಿ ಮ್ಯಾನೇಜರನ ತಲೆ ಒಡೆದ ಗುಂಪಿನಲ್ಲಿ ಸಿಕ್ಕಿಬಿದ್ದವಳು, ಐದು ವರ್ಷದ ಶಿಕ್ಷೆ. ಅದೇ ಗುಂಪಿನ ಇಬ್ಬರು ಗಂಡಸರು ಇನ್ನೂ ಸಿಕ್ಕಿರಲಿಲ್ಲ. ಅವಳ ಅಕ್ಕ ಬುಧವಾರ ತಪ್ಪದೆ ಕಿಟಕಿಗೆ ಬರುತ್ತಿದ್ದಳು, ಸೊಂಟದ ಮೇಲೆ ತಂಗಿಯ ಮಗಳನ್ನು ಎತ್ತಿಕೊಂಡು. ಮಗುವಿಗೆ ನಾಲ್ಕು ವರ್ಷವಿರಬೇಕು. ಕಂಬಿಯೊಳಗೆ ಕೈ ತೂರಿಸಿ ಮೊಹರನ್ನು ಮುಟ್ಟಲು ನೋಡುತ್ತಿತ್ತು. ಒಣ ಕೆಮ್ಮು ಬೇರೆ.

"ಕೈ ತೆಗಿ ಪುಟ್ಟಿ, ಸಾಹೇಬ್ರು ಬೈತಾರೆ," ಎನ್ನುವಳು ದೊಡ್ಡಮ್ಮ.

"ಬೈಯಲ್ಲ ಬಿಡಮ್ಮ," ಎಂದು ಗಂಟಣ್ಣ ಮೊಹರನ್ನು ಸ್ವಲ್ಪ ಹಿಂದಕ್ಕೆ ಸರಿಸುವನು. ಅಷ್ಟೇ ಪರಿಚಯ.

ಮಳೆಗಾಲ ಮುಗಿಯುತ್ತಿದ್ದಂತೆ ಎಪ್ಪತ್ತೊಂದನೆಯವಳ ಕಾಗದದಲ್ಲಿ ಅಂಕಿಗಳು ಕಾಣಿಸಿಕೊಂಡವು. ಹಾಳೆಯ ಮೇಲರ್ಧದಲ್ಲಿ ಮಾಮೂಲಿ ಮಾತು, ಕೆಳಗರ್ಧದಲ್ಲಿ ಸಾಲುಸಾಲಾಗಿ ಬರೀ ಅಂಕಿ. ಒಂದು ವಾರ ಆಯಿತು, ಎರಡನೆಯ ವಾರವೂ ಬಂತು. ಅವನು ಅವೆರಡನ್ನು ನಕಲು ಮಾಡಿಟ್ಟುಕೊಂಡು, ಮೊಹರು ಹಾಕಿ ಕಳಿಸಿಬಿಟ್ಟ. ಎಳೆ ಸಿಗಬೇಕಾದರೆ ಉಂಡೆ ಇನ್ನಷ್ಟು ಉರುಳಲಿ ಎಂದುಕೊಂಡ. ಮೂರನೆಯ ವಾರದ ಕಾಗದವನ್ನು ಮಾತ್ರ ತಡೆದು ಮೇಜಿನ ಸೆಳೆಖಾನೆಯಲ್ಲಿಟ್ಟ.

ಅದರ ಮೇಲರ್ಧದಲ್ಲಿ ಇದ್ದದ್ದು ಇಷ್ಟು: "ಅಕ್ಕಾ, ಹೋದ ಸೋಮವಾರ ನೀನು ಹಿಂದಿನ ಸಲದಂತೆ ಬೇಗ ಹೊರಟುಬಿಟ್ಟೆ. ಮಗಳು ನನ್ನನ್ನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಅವಳಿಗೆ ರಾತ್ರಿ ಕೆಮ್ಮು ಬಂದರೆ ಎದೆಗೆ ಬಿಸಿ ಬಟ್ಟೆ ಒತ್ತು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿ. ಚಳಿ ಶುರುವಾಗುವುದಕ್ಕೆ ಮೊದಲು ಇದು ಮುಗಿಯಲಿ. ನಾನು ಕಾಯುತ್ತಿರುತ್ತೇನೆ."

ಅದರ ಕೆಳಗೆ ಮೊದಲು ಎರಡು, ಎರಡು, ಎರಡು ಎಂದು ಒಂದಿಷ್ಟು ಸಾಲು. ಆಮೇಲೆ ಮೂರು, ಎರಡು, ಆರು, ಎರಡು, ಹತ್ತು, ಎರಡು, ಆರು, ಎರಡು, ಮೂರು. ಅದರ ಕೆಳಗಿನ ಸಾಲಿನಲ್ಲಿ ಎರಡೂ ತುದಿಯ ಮೂರು ನಾಲ್ಕಾಗಿತ್ತು, ಅದರ ಕೆಳಗೆ ಐದು.

ಆ ಎಂಟು ದಿನ ಗಂಟಣ್ಣನ ಕಾಲು ನೆಲಕ್ಕೆ ತಾಗಲಿಲ್ಲ. ಕಾಗದವನ್ನು ಮನೆಗೆ ತರುವಂತಿರಲಿಲ್ಲ, ಆದರೆ ತಲೆಯನ್ನು ಜೈಲಿನಲ್ಲಿ ಬಿಟ್ಟು ಬರುವುದು ಹೇಗೆ? ಸಂಜೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಅಂಕಿಗಳನ್ನು ತಿರುವಿಹಾಕುತ್ತಿದ್ದ. ಅಕ್ಷರಮಾಲೆಗೆ ಹೊಂದಿಸಿ ನೋಡಿದ, ದಿನಾಂಕಕ್ಕೆ ಹೊಂದಿಸಿ ನೋಡಿದ, ಕೋಣೆಗಳ ನಂಬರಿಗೆ, ಕಾವಲು ಬದಲಾಗುವ ಹೊತ್ತಿಗೆ. ಪ್ರತಿ ಸಾಲನ್ನು ಕೂಡಿಸಿದರೆ ಮೂವತ್ತಾರು, ಮೂವತ್ತೆಂಟು, ನಲವತ್ತು ಬರುವುದೂ ಅವನ ಕಣ್ಣಿಗೆ ಬಿತ್ತು. ಬರೆದವಳು ಚಾಲಾಕಿ, ಅಂಕಿ ತಪ್ಪಿದರೆ ಓದುವವರಿಗೆ ಗೊತ್ತಾಗಲೆಂದು ಕೂಡಿಕೆಯ ಕಾವಲು ಇಟ್ಟಿದ್ದಾಳೆ ಎಂದುಕೊಂಡ. ಅವಳ ಮೇಲೆ ಒಂದು ಬಗೆಯ ಮೆಚ್ಚುಗೆಯೂ ಹುಟ್ಟಿತು. ಇಷ್ಟು ವರ್ಷಕ್ಕೆ ತನಗೆ ಸಮನಾದವರು ಒಬ್ಬರು ಸಿಕ್ಕಿದರಲ್ಲ ಎಂಬ ಖುಷಿ.

ಎದುರಿನ ಕುರ್ಚಿಯಲ್ಲಿ ಹೆಂಡತಿ ಮದುವೆಯಾಗಿ ಹೋದ ಮಗಳ ಮಕ್ಕಳಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಅವಳಿಗೆ ಬಾಯಲ್ಲಿ ಎಣಿಸುವ ಅಭ್ಯಾಸ.

"ಎರಡು ಸೀದಾ, ಎರಡು ಉಲ್ಟಾ, ಎರಡು ಸೀದಾ..."

"ಸ್ವಲ್ಪ ಬಾಯಿ ಮುಚ್ಚೇ. ನನ್ನ ಲೆಕ್ಕ ತಪ್ಪುತ್ತೆ."

"ನಿಮ್ಮ ಲೆಕ್ಕ ತಪ್ಪಿದ್ರೆ ಪತ್ರಿಕೆ ಹಾಳಾಗುತ್ತೆ. ನನ್ನ ಲೆಕ್ಕ ತಪ್ಪಿದ್ರೆ ಮಗೂಗೆ ಮೂರು ಕಾಲು ಆಗುತ್ತೆ," ಎಂದಳು ಅವಳು, ಕಡ್ಡಿ ನಿಲ್ಲಿಸದೆ.

ಒಳಗಿನವಳನ್ನು ಕರೆಸಿ 'ಇದೇನಮ್ಮ' ಎಂದು ಕೇಳಬಹುದಿತ್ತು. ಅದಕ್ಕೆ ನಿಯಮದ ಅಡ್ಡಿ ಇತ್ತೆನ್ನೋಣ. ಹೆಂಗಸರ ಕೋಣೆಗಳನ್ನು ಕಾಯುವ ವಾರ್ಡರಮ್ಮನ ಮೂಲಕ ಕೇಳಿಸುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಕಿಟಕಿಯಲ್ಲಿ ಅಕ್ಕನನ್ನೇ ಕೇಳಬಹುದಿತ್ತು. ಆ ಬುಧವಾರ ಅವಳು ಬಂದು, "ನಮ್ಮ ಕಾಗದ ಬಂದಿಲ್ವಾ ಅಣ್ಣಾ? ಈ ವಾರದ್ದು ಬೇಕೇ ಬೇಕಾಗಿತ್ತು," ಎಂದಳು. ಬೇಕೇ ಬೇಕಂತೆ! ಅವನು ಏನೂ ಕೇಳದೆ, "ಮುಂದಿನ ವಾರ ನೋಡೋಣಮ್ಮ," ಎಂದು ಕಳಿಸಿದ. ಕೇಳಿದ್ದರೆ ಹಿಟ್ಟಿನ ಡಬ್ಬಿಗೆ ಕೈ ಹಾಕಿದಂತಾಗುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಎಳೆ ಸಿಕ್ಕಿತು. ಅಂಕಿಗಳನ್ನು ಮೇಲಿನ ಮಾತಿನ ಪದಗಳ ಮೇಲೆ ಎಣಿಸಿಕೊಂಡು ಹೋಗಬೇಕು! ಮೂರನೆಯ ಪದ, ಅಲ್ಲಿಂದ ಎರಡನೆಯದು, ಅಲ್ಲಿಂದ ಆರನೆಯದು. ಸೋಮವಾರ. ಹಿಂದಿನ. ಬಾಗಿಲಲ್ಲಿ. ಆಮೇಲೆ ಬಂದ 'ನೋಡುತ್ತಲೇ' ಹೊಂದಲಿಲ್ಲ, ಅದನ್ನು ಬಿಟ್ಟ. ಇಬ್ಬರೂ. 'ಹಾಸಿಗೆಯಲ್ಲಿ', 'ಮುಗಿಯಲಿ' ಎಂಬೆರಡನ್ನೂ ಬಿಟ್ಟ, ಮೋಸಕ್ಕೆ ತುರುಕಿದ್ದಿರಬೇಕು. ಕಾಯುತ್ತಿರುತ್ತೇನೆ. ಕೊನೆಯ ಮೂರಕ್ಕೆ ಪದವೇ ಉಳಿದಿರಲಿಲ್ಲ, ಅದು ಮುಗಿಯಿತೆಂಬ ಗುರುತು. ಉಳಿದ ಸಾಲುಗಳಿಂದ ಏನೂ ಬರಲಿಲ್ಲ, ಅವು ಕಣ್ಣಿಗೆ ಎರಚಿದ ಮಣ್ಣು. ಬಿಟ್ಟದ್ದನ್ನು ಬಿಟ್ಟು, ಇಟ್ಟದ್ದನ್ನು ಇಟ್ಟು ಸ್ವಚ್ಛವಾಗಿ ಬರೆದ: ಸೋಮವಾರ ಹಿಂದಿನ ಬಾಗಿಲಲ್ಲಿ ಇಬ್ಬರೂ, ಕಾಯುತ್ತಿರುತ್ತೇನೆ.

ಸಿಗದಿದ್ದ ಗಂಡಸರು ಇಬ್ಬರು. ಸೋಮವಾರ ಅಡುಗೆಮನೆಯ ಸಾಮಾನಿನ ಗಾಡಿ ಬರುವುದು ಹಿಂದಿನ ಬಾಗಿಲಿಗೆ. ಗಂಟಣ್ಣ ಎದ್ದು ನಿಂತು ಆ ಎರಡು ಹೆಜ್ಜೆಯ ಕೋಣೆಯಲ್ಲಿ ಒಂದು ಸುತ್ತು ಹಾಕಿದ. ಕಣ್ಣಲ್ಲಿ ನೀರೇ ಬಂದಿತ್ತು. ಅಂಥ ಸುಖ ಅವನಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ದೊಡ್ಡ ಸಾಹೇಬರೆಂದರೆ ಜೈಲಿನ ಸೂಪರಿಂಟೆಂಡೆಂಟರು. ಅವನು ಒಯ್ದು ಕೊಟ್ಟದ್ದನ್ನು ಅವರು ಎರಡು ಸಲ ಓದಿ, ತಾವೇ ಬೆರಳಿಟ್ಟು ಎಣಿಸಿ ನೋಡಿ, ಕನ್ನಡಕ ತೆಗೆದರು. "ಭೇಷ್. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ರೀ ಈ ತಲೇನ?"

ಆ ಸೋಮವಾರ ಹಿಂದಿನ ಬಾಗಿಲಿನ ಸುತ್ತ ಹನ್ನೆರಡು ಜನ ಬಂದೂಕು ಹಿಡಿದು ಅವಿತು ಕೂತರು. ಸಾಮಾನಿನ ಗಾಡಿ ಬಂತು, ಗೋಣಿ ಇಳಿಸಿತು, ಹೋಯಿತು. ಒಂದು ನಾಯಿ ಬಂದು ಮೂಸಿ ನೋಡಿತು. ಯಾರೂ ಬರಲಿಲ್ಲ. "ಸುಳಿವು ಸಿಕ್ಕಿರಬೇಕು, ಓಡಿಹೋದರು," ಎಂದರು ದೊಡ್ಡ ಸಾಹೇಬರು. ಅದೇ ಸಂಜೆ ಎಪ್ಪತ್ತೊಂದನೆಯವಳನ್ನು ಕತ್ತಲೆ ಕೋಣೆಗೆ ಹಾಕಿದರು. ಕಾಗದ ಬರೆಯುವಂತಿಲ್ಲ, ಪಡೆಯುವಂತಿಲ್ಲ, ಅಕ್ಕನ ಭೇಟಿಯೂ ಇಲ್ಲ, ಸಂಗಡಿಗರ ಹೆಸರು ಹೇಳುವ ತನಕ. ಅವಳಿಗೆ ಹೇಳುವುದಕ್ಕೆ ಏನಿತ್ತು? ವಾರ್ಡರಮ್ಮ ಹೇಳಿದ ಪ್ರಕಾರ, ಮೊದಲ ದಿನ 'ಮಗುವಿನದು, ಮಗುವಿನದು' ಎಂದು ಕೂಗಾಡಿದಳಂತೆ. ಮಗುವಿನ ಹೆಸರು ಹೇಳಿ ಕರುಣೆ ಗಿಟ್ಟಿಸುತ್ತಾಳೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬುಧವಾರ ಕಿಟಕಿಯಲ್ಲಿ ಅಕ್ಕ ನಿಂತಳು. "ಇಲ್ಲಮ್ಮ, ನಿಲ್ಲಿಸಿದ್ದಾರೆ," ಎಂದ ಗಂಟಣ್ಣ.

"ಯಾಕಣ್ಣಾ?"

"ಅದು ನಿಮ್ಮ ತಂಗಿಗೇ ಗೊತ್ತು."

ಅವಳು ಕಂಬಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಹಿಂದಿನವರು ಗೊಣಗಿದ ಮೇಲೆ ಪಕ್ಕಕ್ಕೆ ಸರಿದಳು. ಮಗು ಕೆಮ್ಮಿತು.

ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಗಂಟಣ್ಣನಿಗೆ ಮೆಚ್ಚುಗೆಯ ಪತ್ರ ಬಂತು, ದಪ್ಪ ಕಾಗದ, ಕೆಂಪು ಮುದ್ರೆ. ಅದನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದ. ಅವಳು ಓದಿಸಿಕೊಂಡು, "ಅಂಥಾದ್ದೇನು ಮಾಡಿದ್ರಿ?" ಎಂದಳು. ಅಲ್ಲಿ ಅವನಿಗೆ ತಡೆಯಲಾಗಲಿಲ್ಲ. ಆಣೆ ನೆನಪಿತ್ತು. ಆದರೆ ಬಿಡಿಸಿದ ಸಂಭ್ರಮವನ್ನು ಮೂರು ವಾರ ಒಬ್ಬನೇ ನುಂಗಿಕೊಂಡು ಕೂತವನಿಗೆ ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕದ ಹಾಕಿ ಬಂದು, ಹಳೆಯ ಲಕೋಟೆಯ ಬೆನ್ನಿನ ಮೇಲೆ ಆ ಅಂಕಿಗಳನ್ನು ನೆನಪಿನಿಂದಲೇ ಬರೆದ.

"ಇದೇನು ಹೇಳು ನೋಡೋಣ? ನಿನ್ನ ಜನ್ಮದಲ್ಲಿ ಬಿಡಿಸೋಕಾಗಲ್ಲ."

ಹೆಂಡತಿ ಲಕೋಟೆಯನ್ನು ದೀಪದ ಹತ್ತಿರ ಹಿಡಿದಳು. ತುಟಿ ಅಲ್ಲಾಡಿತು. ನಾಲ್ಕು ಸಾಲು ಓದಿರಬಹುದು.

"ಯಾವ ಮಗೂಗೆ ಇದು?" ಎಂದಳು.

"ಏನು?"

"ತೋಳಲ್ವಾ ಇದು, ಸ್ವೆಟರಿಂದು? ಇಗೋ, ಮೊದಲು ಎರಡೆರಡು ಅಂತ ಮುಂಗೈ ಪಟ್ಟಿ. ಒಂದ್ಸಲ ಸೀದಾ, ಒಂದ್ಸಲ ಉಲ್ಟಾ. ಆಮೇಲೆ ಮೂವತ್ತಾರು ಕುಣಿಕೆ, ಮಧ್ಯೆ ಒಂದು ಪಟ್ಟೆ ಬಿಟ್ಟಿದ್ದಾಳೆ, ಚೆನ್ನಾಗಿದೆ. ಎರಡೂ ಅಂಚಿಗೆ ಒಂದೊಂದು ಹೆಚ್ಚಿಸ್ಕೊಂಡು ಹೋಗ್ತಾಳೆ. ತೋಳು ಮೇಲಕ್ಕೆ ಹೋದಂಗೆ ಅಗಲ ಆಗ್ಬೇಕಲ್ಲ." ಅವಳು ತನ್ನ ಮಡಿಲಿನ ಕಡ್ಡಿಗಳನ್ನು ಎತ್ತಿ ಅಳತೆ ಹಿಡಿದು ನೋಡಿದಳು. "ಮೂರು ನಾಲ್ಕು ವರ್ಷದ್ದಿರ್ಬೇಕು ಮಗು. ಸಣಕಲು. ಇದಕ್ಕೆ ಮುಂಚೆ ಬೆನ್ನು, ಎದೆ ಎಲ್ಲ ಬರೆದಿರ್ತಾಳೆ, ಅಲ್ವಾ?"

ಗಂಟಣ್ಣ ಮೆಚ್ಚುಗೆಯ ಪತ್ರವನ್ನು ಬೋರಲು ಹಾಕಿದ.

"ಇದಕ್ಕೆ ಯಾಕೆ ಮೆಚ್ಚುಗೆ ಪತ್ರ ಕೊಟ್ರು ನಿಮಗೆ?" ಎಂದಳು ಅವಳು. ಅವನ ಮುಖ ನೋಡಿದವಳು ಇನ್ನೇನೂ ಕೇಳದೆ ಲಕೋಟೆಯನ್ನು ಮಡಚಿ ಅವನ ಮುಂದಿಟ್ಟಳು.

ಮಾರನೆಯ ದಿನ ಕಚೇರಿ ತೆರೆಯುವುದಕ್ಕೆ ಮುಂಚೆಯೇ ಅವನು ದೊಡ್ಡ ಸಾಹೇಬರ ಬಾಗಿಲಲ್ಲಿ ನಿಂತಿದ್ದ.

"ಸಾರ್, ಅದು ಸ್ವೆಟರು ಸಾರ್."

"ಯಾವುದ್ರೀ?"

"ಆ ಅಂಕಿ ಸಾರ್. ಮಗುವಿನ ಸ್ವೆಟರಿನ ತೋಳು. ಭೇಟಿಗೆ ಬಂದಾಗ ಅಕ್ಕನಿಗೆ ಬಾಯಲ್ಲಿ ಹೇಳಿಕೊಟ್ಟಿರ್ತಾಳೆ, ಕಾಗದದಲ್ಲಿ ಬರೀ ಲೆಕ್ಕ ಬರೆದಿದ್ದಾಳೆ. ಚಳಿಗೆ ಮೊದಲು ಮುಗಿಯಲಿ ಅಂದಿದ್ದು ಅದನ್ನೇ."

"ಯಾರು ಹೇಳಿದ್ದು?"

ಹೆಂಡತಿ ಎಂದರೆ ಆಣೆ ಮುರಿದಂತೆ. "ನಾನೇ... ಯೋಚನೆ ಮಾಡಿದೆ ಸಾರ್."

"ಸರಿ. ಹಾಗಾದ್ರೆ ಸೋಮವಾರ, ಹಿಂದಿನ ಬಾಗಿಲು, ಇಬ್ಬರು? ಇವನ್ನೂ ಉಣ್ಣೆಯಲ್ಲಿ ಹೆಣೀತಾರಾ?"

"ಅದು ನಾನು ಹುಡುಕಿದ್ದಕ್ಕೆ ಸಿಕ್ಕಿದ್ದು ಸಾರ್."

"ಇದ್ದಿದ್ದಕ್ಕೆ ತಾನೇ ಸಿಕ್ಕಿದ್ದು? ಇಲ್ಲದೇ ಇರೋದು ಹೇಗ್ರೀ ಸಿಗುತ್ತೆ?"

 ಮಾಡಿಯೇ ತೋರಿಸುತ್ತೇನೆ ಎಂದುಕೊಂಡ ಗಂಟಣ್ಣ. ಸಾಹೇಬರ ಮೇಜಿನ ಮೇಲೆ ಉಗ್ರಾಣದಿಂದ ಬಂದ ಆ ವಾರದ ಸಾಮಾನಿನ ಪಟ್ಟಿ ಬಿದ್ದಿತ್ತು. ಅದನ್ನೇ ಎಳೆದುಕೊಂಡು, ಅದೇ ಅಂಕಿಗಳನ್ನು ಪಟ್ಟಿಯ ಪದಗಳ ಮೇಲೆ ಎಣಿಸಿದ. ಹೊಂದದ ಪದಗಳನ್ನು ಬಿಟ್ಟ, ಹೊಂದುವುದನ್ನು ಇಟ್ಟ. ಎಂಟು ದಿನದ ಅಭ್ಯಾಸವಾಗಿದ್ದ ಕೈಗೆ ಈಗ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸುಣ್ಣ ಬಳಿಯುವವರಿಗೆಂದು ತರಿಸಿದ್ದ ಏಣಿ, ಹಗ್ಗ ಎಲ್ಲ ಆ ಪಟ್ಟಿಯಲ್ಲಿದ್ದವು. 'ಗುರುವಾರ ಏಣಿ ಹಗ್ಗ ಗೋಡೆ' ಎಂದು ಬರೆದು ಸಾಹೇಬರ ಮುಂದೆ ತಳ್ಳಿದ.

"ನೋಡಿ ಸಾರ್. ಬರೀ ಸಾಮಾನಿನ ಪಟ್ಟಿ. ಇದರಲ್ಲೂ ಬರುತ್ತೆ. ಯಾವುದರಲ್ಲಾದ್ರೂ ಬರುತ್ತೆ."

ದೊಡ್ಡ ಸಾಹೇಬರು ನೋಡಿದರು. ಮುಖದ ಬಣ್ಣ ಇಳಿಯಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದು, ಸಣ್ಣ ದನಿಯಲ್ಲಿ ಕೇಳಿದರು: "ಈ ಪಟ್ಟಿ ಬರೆದವನು ಯಾರು?"

ಗಂಟಣ್ಣ ಎಷ್ಟು ಹೇಳಿದರೂ ಅವರ ತಲೆಗೆ ಇಳಿಯಲಿಲ್ಲ. ಕಾಲು ಹಿಡಿಯುವುದೊಂದು ಬಾಕಿ. ಅವನು ಅಲ್ಲಗಳೆದಷ್ಟೂ ಸಾಹೇಬರಿಗೆ ಸ್ನೇಹಿತನನ್ನು ಉಳಿಸಲು ಒದ್ದಾಡುತ್ತಿದ್ದಾನೆ ಎಂದೇ ಕಂಡಿತು. ಆ ಗುರುವಾರ ಗೋಡೆಯ ಸುತ್ತ ಕಾವಲು ಕೂತಿತು. ಉಗ್ರಾಣದವನನ್ನು ಮೂರು ದಿನ ಠಾಣೆಯಲ್ಲಿ ಕೂರಿಸಿ ಕೇಳಿದರು. ಏನೂ ಸಿಗಲಿಲ್ಲ. ಏನೂ ಸಿಗದ್ದಕ್ಕೇ ಕೆಲಸದಿಂದ ತೆಗೆದರು.

ಬೀಗದ ಕೈ ಒಪ್ಪಿಸಲು ಬಂದ ದಿನ ಉಗ್ರಾಣದವನು ಗಂಟಣ್ಣನ ಕೋಣೆಯ ಬಾಗಿಲಿಗೆ ಒರಗಿ ನಿಂತ. ಕೆಳತುಟಿ ಒಡೆದಿತ್ತು.

"ನಿನ್ನ ಎಣಿಕೆ ಜೋರಯ್ಯ," ಎಂದ. "ನಮ್ಮ ಮನೇಲಿ ಐದು ಜನ ಉಣ್ಣೋರು. ಅದನ್ನ ಎಷ್ಟರಿಂದ ಎಣಿಸ್ಕೊಂಡು ಹೋದ್ರೆ ಅನ್ನ ಬರುತ್ತೆ, ಸ್ವಲ್ಪ ನೋಡಿ ಹೇಳು."

"ನಾನು ಅವಳನ್ನ ಬಿಡಿಸೋಕೆ ಹೋಗಿದ್ದು ಕಣೋ..."

"ಗೊತ್ತು. ಸಾಹೇಬ್ರು ಹೇಳಿದ್ರು. ನನ್ನನ್ನೂ ಬಿಡಿಸೋಕೆ ಬರ್ಬೇಡ ಮಾರಾಯ, ಇರೋ ಮನೇನೂ ಹೋದೀತು." ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಬೀಡಿ ಹಚ್ಚಿಕೊಂಡು, ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಟುಹೋದ.

ಚಳಿ ಬಂದೇಬಿಟ್ಟಿತು. ಕತ್ತಲೆ ಕೋಣೆಯ ನೆಲ ಬರೀ ಕಲ್ಲು. ವಾರ್ಡರಮ್ಮ ದಿನಾ ಬೆಳಿಗ್ಗೆ ಗಂಟಣ್ಣನ ಕಿಟಕಿಯ ಮುಂದೆ ಹಾದುಹೋಗುವಾಗ ತಾನಾಗಿಯೇ ಒಂದೊಂದು ಮಾತು ಹೇಳುತ್ತಿದ್ದಳು. ಊಟ ವಾಪಸು ಬರ್ತಿದೆ ಅಣ್ಣ. ಕೂಗೋದು ನಿಂತಿದೆ ಅಣ್ಣ. ಕಾಲು ಊದಿದೆ. ಒಂದು ದಿನ, "ಬೆರಳಲ್ಲೇ ಹೆಣೀತಾ ಕೂತಿರ್ತಾಳೆ ಅಣ್ಣ, ಕೈಯಲ್ಲಿ ಏನೂ ಇರಲ್ಲ," ಎಂದಳು.

ಅದು ನಲವತ್ತನೆಯ ದಿನವೋ ಏನೋ. ಗಂಟಣ್ಣ ಬಾಗಿಲು ಹಾಕಿಕೊಂಡು ಸೆಳೆಖಾನೆಯಿಂದ ಆ ಮೂರನೆಯ ಕಾಗದವನ್ನು ತೆಗೆದ. ಸತ್ಯ ಹೇಳಿ ಅವಳನ್ನು ಹೊರಗೆ ತರಲು ಆಗಲಿಲ್ಲ. ಇಲ್ಲ ಎನ್ನುವುದನ್ನು ತೋರಿಸಲು ದಾರಿಯಿಲ್ಲ. ಇದೆ ಎಂದರೆ ಮಾತ್ರ ನಂಬುತ್ತಾರೆ. ಹಾಗಿದ್ದ ಮೇಲೆ ಇನ್ನೊಂದು 'ಇದೆ' ಬೇಕು. ಜೀವಮಾನದಲ್ಲಿ ಮೊದಲ ಸಲ ಅವನು ಉತ್ತರವನ್ನು ಮೊದಲು ಬರೆದುಕೊಂಡ: ಬರಬೇಡಿ, ಬಿಟ್ಟುಬಿಡಿ, ನಾನು ಕೈಬಿಟ್ಟೆ. ಆಮೇಲೆ ಅದಕ್ಕೆ ತಕ್ಕ ಎಣಿಕೆಯನ್ನು ಹಿಂದಿನಿಂದ ಕಟ್ಟಿದ. ಮೊದಲೆರಡು ಕಾಗದಗಳ ನಕಲನ್ನೂ ಸೇರಿಸಿ, ಅಲ್ಲಿಂದ ಒಂದು ಅಕ್ಷರ, ಇಲ್ಲಿಂದ ಒಂದು ಅಕ್ಷರ ಹೆಕ್ಕಿ, ಎರಡು ಹಾಳೆ ತುಂಬ ಬಾಣಗಳನ್ನು ಎಳೆದು ವರದಿ ತಯಾರಿಸಿದ. ಅದರಲ್ಲಿ ಒಂದು ಕೂದಲಿನಷ್ಟೂ ನಿಜವಿರಲಿಲ್ಲ. ಬರೆದು ಮುಗಿಸಿದಾಗ ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು.

ದೊಡ್ಡ ಸಾಹೇಬರು ಬಾಣಗಳನ್ನೆಲ್ಲ ನೋಡಿದರು. ಈ ಸಲ ಎಣಿಸುವ ಗೋಜಿಗೆ ಹೋಗಲಿಲ್ಲ.

"ಅಂದ್ರೆ ಸಂಚು ಕೈಬಿಟ್ಟಿದ್ದಾಳೆ."

"ಹೌದು ಸಾರ್."

"ನೋಡಿ, ಸ್ವೆಟರು ಅಂತ ಬಂದ್ರಿ ಅವತ್ತು. ತಲೆ ಉಪಯೋಗಿಸಿದ್ರೆ ಎಲ್ಲ ಬರುತ್ತೆ ನಿಮಗೆ."

ನಲವತ್ತೇಳನೆಯ ದಿನ ಅವಳನ್ನು ಹೊರಗೆ ತಂದರು. ಗೋಡೆ ಹಿಡಿದುಕೊಂಡು ನಡೆದಳಂತೆ. ಕಾಗದದ ಅಪ್ಪಣೆಯೂ ಮತ್ತೆ ಸಿಕ್ಕಿತು, ಅಂಕಿ ಒಂದೂ ಇರಕೂಡದೆಂಬ ಷರತ್ತಿನ ಮೇಲೆ. ಅಕ್ಕನ ಭೇಟಿ ಮಾತ್ರ ಇನ್ನೂ ಇಲ್ಲ.

ಬುಧವಾರಕ್ಕಾಗಿ ಗಂಟಣ್ಣ ಕಾದ. ಹೆಂಡತಿ ಕೂತು, ತೋಳನ್ನು ಭುಜದ ತನಕ ಮುಗಿಸುವ ಲೆಕ್ಕವನ್ನೆಲ್ಲ ಹೇಳಿದ್ದಳು, ಅವನು ಬರೆದುಕೊಂಡಿದ್ದ. ಅದನ್ನು ಚಿಕ್ಕದಾಗಿ ಮಡಚಿ, ಅಕ್ಕ ಬಂದಾಗ ಕಂಬಿಯ ಸಂದಿಯಲ್ಲಿ ಯಾರಿಗೂ ಕಾಣದಂತೆ ದಾಟಿಸಿದ. ಕೆಲಸ ಹೋಗುವ ಕೆಲಸ ಅದು. ಅಕ್ಕ ಬಿಡಿಸಿ ನೋಡಿದಳು. ಅಂಕಿಗಳನ್ನು ಕಂಡದ್ದೇ ಕೆಂಡ ಮುಟ್ಟಿದವಳಂತೆ ಅದನ್ನು ಒಳಕ್ಕೆ ತಳ್ಳಿದಳು.

"ಬೇಡಣ್ಣಾ. ದಮ್ಮಯ್ಯ, ಬೇಡ. ಅಂಕಿ ಇರೋ ಕಾಗದ ಮನೇಲಿ ಇದ್ರೆ ನನ್ನನ್ನೂ ಒಳಗೆ ಹಾಕ್ತೀವಿ ಅಂದಿದಾರೆ ಪೊಲೀಸ್ರು. ಹೆಣೆದಿದ್ದನ್ನೂ ಎತ್ಕೊಂಡು ಹೋದ್ರು, ಎಳೆ ಎಳೆಯಾಗಿ ಬಿಚ್ಚಿ ನೋಡಿದ್ರಂತೆ."

"ಇದು ತೋಳು ಕಣಮ್ಮಾ, ಮಿಕ್ಕಿದ ತೋಳು..."

"ನೀವು ಯಾಕೆ ನಮ್ಮ ಹಿಂದೆ ಬಿದ್ದಿದೀರಾ?" ಎಂದಳು ಅವಳು. ಕೋಪದಿಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದಳು. ಮಗು ಸೊಂಟದ ಮೇಲೆ ಇರಲಿಲ್ಲ. ಎಲ್ಲಿ ಎಂದು ಕೇಳಿದ. ಆಸ್ಪತ್ರೆಯಲ್ಲಿ ಮಲಗಿಸಿದ್ದೇವೆ, ಎದೆ ಕಟ್ಟಿದೆ ಎಂದಳು.

ಅದನ್ನು ಒಳಗೆ ತಿಳಿಸಬೇಕೇ ಬೇಡವೇ ಎಂದು ತೋಚದೆ ಅಕ್ಕ ತಾನು ತಂದ ಹಾಳೆಯಲ್ಲಿ ಅದರ ಬಗ್ಗೆ ಏನೂ ಬರೆದಿರಲಿಲ್ಲ, 'ಎಲ್ಲ ಕ್ಷೇಮ' ಎಂದಷ್ಟೇ ಇತ್ತು. ಗಂಟಣ್ಣ ಅದಕ್ಕೆ ಮೊಹರು ಒತ್ತಿ ಒಳಗೆ ಕಳಿಸಿದ.

ಒಳಗಿನಿಂದ ಎಪ್ಪತ್ತೊಂದನೆಯವಳ ಹಾಳೆ ಮರುದಿನ ಬಂತು. ನಾಲ್ಕಾಗಿ ಮಡಚಿತ್ತು. ಬಿಡಿಸಿದರೆ ಏನೂ ಬರೆದಿರಲಿಲ್ಲ. ತಿರುಗಿಸಿ ನೋಡಿದ, ಹಿಂದೆಯೂ ಇಲ್ಲ. ಮುಂದಿನ ವಾರ ಬಂದದ್ದೂ ಹಾಗೇ. ಎರಡಕ್ಕೂ ಮೊಹರು ಒತ್ತಿ ಅಕ್ಕನಿಗೆ ಕೊಟ್ಟ. ಪೆನ್ಸಿಲು ಕೊಟ್ಟಿರಲಿಲ್ಲವೇನೋ ಎಂದು ವಾರ್ಡರಮ್ಮನನ್ನು ಕೇಳಿದ.

"ಕೊಟ್ಟಿದ್ದೆ ಅಣ್ಣ. ಪಕ್ಕದಲ್ಲಿ ಇಟ್ಕೊಂಡು ಕೂತಿದ್ದು, ಹಂಗೇ ಮಡಚಿ ಕೊಟ್ಳು. ಬರಿಯಲ್ವೇನಮ್ಮ ಅಂದೆ. ಇಷ್ಟು ಹೋದ್ರೆ ಸಾಕು, ಬದುಕಿದೀನಿ ಅಂತ ಗೊತ್ತಾಗುತ್ತೆ ಅಂದ್ಳು."

ಮೂರನೆಯ ಖಾಲಿ ಹಾಳೆ ಬಂದ ದಿನ ದೊಡ್ಡ ಸಾಹೇಬರು ಅವನ ಕೋಣೆಗೆ ಬಂದರು. ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಬರೀ ಹಾಳೆ ಯಾರಾದ್ರೂ ಮನೆಗೆ ಕಳಿಸ್ತಾರೇನ್ರೀ? ಹಾಲಲ್ಲಿ ಬರೀತಾರಂತೆ, ನಿಂಬೆರಸದಲ್ಲಿ ಬರೀತಾರಂತೆ. ಬಿಸಿ ತೋರಿಸಿ ನೋಡಿ. ಏನಾದ್ರೂ ಸಿಗುತ್ತೆ. ನಿಮ್ಮ ಕೈಗೆ ಸಿಗದೇ ಇರೋದುಂಟಾ?"

"ಏನೂ ಇಲ್ಲ ಸಾರ್ ಇದರಲ್ಲಿ."

"ನೋಡದೇ ಹೇಗೆ ಹೇಳ್ತೀರಾ?" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಗಂಟಣ್ಣ ದೀಪದ ಗಾಜನ್ನು ತೆಗೆದ. ಹಾಳೆಯ ಎರಡು ತುದಿ ಹಿಡಿದು ಉರಿಯ ಮೇಲೆ ಮೆಲ್ಲಗೆ ಸರಿಸತೊಡಗಿದ. ಕಾಗದ ಬಿಸಿಯಾಗಿ ಸಣ್ಣಗೆ ಚಟಪಟ ಎಂದಿತು. ಮೊದಲು ಮಧ್ಯದಲ್ಲಿ ಹಳದಿಯಾಯಿತು, ಆಮೇಲೆ ಕಂದು ಬಣ್ಣ ಅಂಚಿನ ಕಡೆಗೆ ಹರಡಿತು. ಸಾಹೇಬರು ಮುಂದಕ್ಕೆ ಬಾಗಿ ಆ ಕಂದು ಕಲೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು.

"ಅಲ್ಲಿ," ಎಂದರು ಬೆರಳು ತೋರಿಸಿ. "ಆ ಮೂಲೇಲಿ. ಅದೇನು ಅಕ್ಷರದ ಹಾಗಿದೆ?"

ಗಂಟಣ್ಣ ಹಾಳೆಯನ್ನು ಉರಿಗೆ ಇನ್ನಷ್ಟು ಹತ್ತಿರ ಹಿಡಿದ. ಅದು ಹೊತ್ತಿಕೊಂಡಿತು. ಬೆರಳು ಸುಡುವ ತನಕ ಬಿಡಲಿಲ್ಲ.

"ಕೈ ಜಾರಿತು ಸಾರ್," ಎಂದ. ಆ ಬುಧವಾರ ಅಕ್ಕನಿಗೆ ಕೊಡಲು ಹಾಳೆ ಇರಲಿಲ್ಲ. ಬದುಕಿದ್ದಾಳೆ ಎಂದು ಅವನೇ ಬಾಯಿಬಿಟ್ಟು ಹೇಳಬೇಕಾಯಿತು. ಅವಳು ಅವನ ಮಾತನ್ನು ನಂಬದೆ, ಸಾಲು ಕರಗುವ ತನಕ ಕಿಟಕಿಯ ಪಕ್ಕದಲ್ಲೇ ನಿಂತುಕೊಂಡಿದ್ದಳು.